ಹಳಿ ಇಲ್ಲದ ಕೊಡಗಿನ ರೈಲು ಪ್ರಯಾಣಿಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ರೈಲೇ ಇಲ್ಲ. ಇಲ್ಲಿಯವರಿಗೆ ರೈಲಿನ ಬೇಡಿಕೆಯ ಮಾತು ಯಾಕೆ?

ಹಳಿ ಇಲ್ಲ, ನಿಜ. ಪ್ರಯಾಣಿಕರು ಬೇಕಾದಷ್ಟಿದ್ದಾರೆ. ಪಠಾಣ್‌ಕೋಟ್‌ನಲ್ಲೋ ಜೋಧಪುರದಲ್ಲೋ ಡ್ಯೂಟಿಯಲ್ಲಿರುವ ಯೋಧರು ರಜೆಗೆ ಬರಬೇಕು. ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ ಓದುವ ಮಕ್ಕಳಿದ್ದಾರೆ. ಕಾಫಿ ಕೊಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬರುವ ಕಾರ್ಮಿಕರಿದ್ದಾರೆ. ಮಗಳ ಮನೆಗೆಂದು ಚೆನ್ನೈಗೋ ಮುಂಬೈಗೋ ಹೊರಡುವ ಹಿರಿಯರಿದ್ದಾರೆ.

ಆದರೆ ಇವರು ಯಾರೂ ಕೊಡಗಿನ ಲೆಕ್ಕಕ್ಕೆ ಬರುವುದಿಲ್ಲ. ರೈಲ್ವೆ ಪ್ರಯಾಣಿಕರನ್ನು ಎಣಿಸುವುದು ಟಿಕೆಟ್ ಯಾವ ಸ್ಟೇಷನ್‌ನಿಂದ ಶುರುವಾಗುತ್ತದೆ ಅನ್ನುವುದರ ಮೇಲೆ. ಗೋಣಿಕೊಪ್ಪದವರು ಮೈಸೂರಿನಲ್ಲಿ ಹತ್ತಿದರೆ ಮೈಸೂರಿನ ಲೆಕ್ಕ. ವಿರಾಜಪೇಟೆಯವರು ಕಣ್ಣೂರಿನಲ್ಲಿ ಹತ್ತಿದರೆ ಕೇರಳದ ಲೆಕ್ಕ. ಕೊಡ್ಲಿಪೇಟೆಯವರು ಸಕಲೇಶಪುರದಲ್ಲಿ ಹತ್ತಿದರೆ ಹಾಸನ ಜಿಲ್ಲೆಯ ಲೆಕ್ಕ. 2011ರ ಜನಗಣತಿಯಂತೆ ಐದೂವರೆ ಲಕ್ಷ ಜನರಿರುವ ಜಿಲ್ಲೆಯ ಬೇಡಿಕೆ ಹೀಗೆ ನಾಲ್ಕು ಕಡೆ ಹಂಚಿಹೋಗಿದೆ. ಎಲ್ಲೂ ಅದು ಕೊಡಗಿನದು ಅಂತ ಕಾಣುವುದಿಲ್ಲ. ಈ ಪುಟ ಬರೆಯಲು ಮುಖ್ಯ ಕಾರಣ ಇದೇ.

ದೇಶದಲ್ಲಿ ರೈಲು ಹತ್ತುವವರು ಜಾಸ್ತಿಯಾಗಿದ್ದಾರಾ, ಕಡಿಮೆಯಾಗಿದ್ದಾರಾ?

ತಲೆ ಎಣಿಸಿದರೆ ಕಡಿಮೆ. 2018-19ರಲ್ಲಿ ಸುಮಾರು 844 ಕೋಟಿ ಪ್ರಯಾಣಗಳು ನಡೆದಿದ್ದವು. ಕೋವಿಡ್ ಬಂದ 2020-21ರಲ್ಲಿ ಅದು ಸುಮಾರು 125 ಕೋಟಿಗೆ ಕುಸಿಯಿತು. ಆಮೇಲೆ ಮೆಲ್ಲಗೆ ಏರಿ 2022-23ರಲ್ಲಿ ಸುಮಾರು 640 ಕೋಟಿ, 2023-24ರಲ್ಲಿ 690 ಕೋಟಿ ಆಯಿತು. ಅಂದರೆ ಕೋವಿಡ್ ಹೋಗಿ ವರ್ಷಗಳಾದರೂ ಹಳೆಯ ಸಂಖ್ಯೆ ಮರಳಿರಲಿಲ್ಲ.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಒಬ್ಬರು ಒಂದು ಸಲ ಹತ್ತಿದರೆ ಸರಾಸರಿ ಎಷ್ಟು ದೂರ ಹೋಗುತ್ತಾರೆ? 1950-51ರಲ್ಲಿ ಸುಮಾರು 52 ಕಿಲೋಮೀಟರ್. 2018-19ರಲ್ಲಿ ಸುಮಾರು 137. 2022-23ರಲ್ಲಿ 150ರ ಹತ್ತಿರ. ಪಕ್ಕದ ಊರಿಗೆ ಹೋಗಿಬರುವವರು ರೈಲು ಬಿಟ್ಟು ಬೈಕು, ಬಸ್ಸು ಹಿಡಿದಿದ್ದಾರೆ. ದೂರ ಹೋಗುವವರು ರೈಲಿನಲ್ಲೇ ಉಳಿದಿದ್ದಾರೆ.

ಹತ್ತಿರದ ಪ್ರಯಾಣಿಕರು ತಾವಾಗಿಯೇ ಬಿಟ್ಟುಹೋದರು ಅಂತಲೂ ಹೇಳಲಾಗದು. ಕೋವಿಡ್ ನಂತರ ಎಷ್ಟೋ ಪ್ಯಾಸೆಂಜರ್ ರೈಲುಗಳನ್ನು ಸ್ಪೆಷಲ್, ಎಕ್ಸ್‌ಪ್ರೆಸ್ ಅಂತ ಓಡಿಸಿದರು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯಿತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿ ಕೊನೆಗೆ. ನಾಲ್ಕು ವರ್ಷ ಜನ ಬೇರೆ ದಾರಿ ರೂಢಿ ಮಾಡಿಕೊಂಡಿದ್ದರು. ಒಮ್ಮೆ ಬಿಟ್ಟ ರೂಢಿ ಮರಳಿ ಬರುವುದು ಕಷ್ಟ, ಅಲ್ವಾ?

ಪ್ರಯಾಣಿಕರು ಕಡಿಮೆಯಾಗಿದ್ದರೆ ನಮಗೆ ಟಿಕೆಟ್ ಯಾಕೆ ಸಿಗುವುದಿಲ್ಲ?

ಕಡಿಮೆಯಾಗಿರುವುದು ಒಂದು ಕಡೆ, ನಾವು ಟಿಕೆಟ್ ಹುಡುಕುವುದು ಇನ್ನೊಂದು ಕಡೆ. ದೇಶದ ಒಟ್ಟು ಸಂಖ್ಯೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂಬೈ, ಕೋಲ್ಕತ್ತ, ಚೆನ್ನೈಯಂಥ ಊರುಗಳ ಲೋಕಲ್ ರೈಲಿನವರದು. ಉಳಿದವರಲ್ಲೂ ಜನರಲ್ ಬೋಗಿಯವರೇ ಜಾಸ್ತಿ. ರಿಸರ್ವೇಶನ್ ಮಾಡಿಸಿ ರಾತ್ರಿಯಿಡೀ ಹೋಗುವ ಸ್ಲೀಪರ್ ಮತ್ತು ಎಸಿ ಬರ್ತ್‌ಗಳ ಬೇಡಿಕೆ ಕಡಿಮೆಯಾಗಿಲ್ಲ. ಹಬ್ಬ, ರಜೆ, ಮದುವೆ ಕಾಲದಲ್ಲಿ ಬರ್ತ್‌ಗಳು ಸಾಲುವುದೇ ಇಲ್ಲ.

ಬೋಗಿಗಳ ಬಗೆಯೂ ಬದಲಾಗಿದೆ. ಥರ್ಡ್ ಎಸಿ ಜಾಸ್ತಿಯಾಗಿದೆ. 2021ರಲ್ಲಿ ಥರ್ಡ್ ಎಸಿ ಎಕಾನಮಿ ಬೋಗಿಗಳು ಬಂದವು. ಎಷ್ಟೋ ರೈಲುಗಳಲ್ಲಿ ಸ್ಲೀಪರ್ ತೆಗೆದು ಆ ಜಾಗಕ್ಕೆ ಎಸಿ ಜೋಡಿಸಿದರು. ದುಡ್ಡಿದ್ದವರಿಗೆ ಅನುಕೂಲವಾಯಿತು. ಸ್ಲೀಪರ್ ದರವನ್ನೇ ಲೆಕ್ಕ ಹಾಕಿ ಕೊಡುವ ಕುಟುಂಬಕ್ಕೆ ಉಳಿದದ್ದು ವೇಟಿಂಗ್ ಲಿಸ್ಟ್ ಅಥವಾ ಜನರಲ್ ಬೋಗಿಯ ನೂಕುನುಗ್ಗಲು.

ಬೇಡಿಕೆ ಅಂತ ನಾವು ಓದುವ ಅಂಕಿಗಳೆಲ್ಲ ಮಾರಾಟವಾದ ಟಿಕೆಟ್‌ಗಳದು. ವೇಟಿಂಗ್ ಲಿಸ್ಟ್ ನೋಡಿ ಆಸೆ ಬಿಟ್ಟು ಸ್ಲೀಪರ್ ಬಸ್ ಹಿಡಿದವರು ಅದರಲ್ಲಿ ಇಲ್ಲ. ಸ್ಟೇಷನ್ ತಲುಪಲು ಹೊತ್ತಿಗೆ ಸರಿಯಾದ ಬಸ್ಸೇ ಇಲ್ಲ ಅಂತ ಮನೆಯಲ್ಲೇ ಕೂತವರೂ ಇಲ್ಲ. ಕೊಡಗಿನಲ್ಲಿ ಇಂಥವರು ತುಂಬಾ ಜನ.

ನಾವು ಯಾವ ಸ್ಟೇಷನ್‌ಗೆ ಹೋಗುವುದು ಒಳ್ಳೆಯದು?

ನೀವು ಇರುವ ಊರು ಮತ್ತು ಹೋಗುವ ದಿಕ್ಕು, ಎರಡನ್ನೂ ನೋಡಬೇಕು.

ಕುಶಾಲನಗರ, ಗೋಣಿಕೊಪ್ಪ, ಪೊನ್ನಂಪೇಟೆ, ಮಡಿಕೇರಿ ಕಡೆಯವರಿಗೆ ಸಾಮಾನ್ಯವಾಗಿ ಮೈಸೂರೇ ಸರಿ. ಮಡಿಕೇರಿಯಿಂದ ಹತ್ತಿರ ಹತ್ತಿರ 120 ಕಿಲೋಮೀಟರ್. ಬಸ್ ಜಾಸ್ತಿ, ಘಾಟ್ ರಸ್ತೆಯ ಭಯವೂ ಕಡಿಮೆ. ಇನ್ನೊಂದು ದೊಡ್ಡ ಅನುಕೂಲವಿದೆ. ಚೆನ್ನೈಗೆ ಹೋಗುವ ಕಾವೇರಿ, ಹುಬ್ಬಳ್ಳಿ ಕಡೆಗೆ ಹಂಪಿ, ಬಾಗಲಕೋಟೆಗೆ ಬಸವ, ದೆಹಲಿಗೆ ಸ್ವರ್ಣ ಜಯಂತಿ, ಹೀಗೆ ಹಲವು ರೈಲುಗಳು ಹೊರಡುವುದೇ ಮೈಸೂರಿನಿಂದ. ರೈಲು ಹೊರಡುವ ಸ್ಟೇಷನ್‌ನಿಂದ ಟಿಕೆಟ್ ಮಾಡಿದರೆ ಸಾಮಾನ್ಯ ಕೋಟಾ ಸಿಗುತ್ತದೆ. ಬರ್ತ್‌ಗಳು ಜಾಸ್ತಿ ಇರುವುದು ಆ ಕೋಟಾದಲ್ಲೇ. ವೇಟಿಂಗ್ ಬಂದರೂ ಕನ್ಫರ್ಮ್ ಆಗುವ ಸಾಧ್ಯತೆ ಅಲ್ಲೇ ಜಾಸ್ತಿ.

ವಿರಾಜಪೇಟೆ, ಅಮ್ಮತ್ತಿ ಕಡೆಯವರು ಕೇರಳಕ್ಕೆ ಹೋಗುವುದಾದರೆ ಮೈಸೂರಿನ ಯೋಚನೆಯೇ ಬೇಡ. ಪೆರುಂಬಾಡಿ, ಮಾಕುಟ್ಟ ದಾಟಿ ಇರಿಟ್ಟಿ ಮೇಲೆ ಕಣ್ಣೂರಿಗೋ ತಲಶ್ಶೇರಿಗೋ ಸುಮಾರು 80 ಕಿಲೋಮೀಟರ್ ಅಷ್ಟೇ. ಕೊಂಕಣ ದಾರಿಯಲ್ಲಿ ಗೋವಾ, ಮುಂಬೈಗೆ ಹೋಗುವವರಿಗೂ ಕಣ್ಣೂರು ಸಾಧ್ಯ. ಆದರೆ ತಿರುವನಂತಪುರ, ಎರ್ನಾಕುಲಂನಿಂದ ಹೊರಟು ಬರುವ ದೂರದ ರೈಲುಗಳಿಗೆ ಕಣ್ಣೂರು ನಡುದಾರಿ. ಅಲ್ಲಿಗೆ ಮೀಸಲಾದ ಬರ್ತ್ ಕಡಿಮೆ.

ಸಂಪಾಜೆ, ಮಡಿಕೇರಿಯ ಕೆಲವರು ಮಂಗಳೂರಿಗೆ ಇಳಿಯುತ್ತಾರೆ. ಮುಂಬೈಗೆ ಅದು ಒಳ್ಳೆಯ ದಾರಿ. ಶನಿವಾರಸಂತೆ, ಕೊಡ್ಲಿಪೇಟೆಯವರಿಗೆ ಸಕಲೇಶಪುರ ಅಥವಾ ಹಾಸನ ಹತ್ತಿರ. ಮಡಿಕೇರಿಗೆ ಬಂದು ಮೈಸೂರಿಗೆ ಹೋಗುವುದು ಸುಮ್ನೆ ಸುತ್ತು.

ಮೈಸೂರು–ಬೆಂಗಳೂರು ಹೊಸ ಹೆದ್ದಾರಿ ಬಂದ ಮೇಲೆ ರೈಲಿಗೆ ಏನಾಯಿತು?

ಕೊಡಗಿನವರ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿಗೆ ಹೋಗಲು ರೈಲು ಹಿಡಿಯುವ ಕಾರಣವೇ ಸಣ್ಣದಾಯಿತು. ಮುಂಚೆ ರಸ್ತೆಯಲ್ಲಿ ಮದ್ದೂರು, ಮಂಡ್ಯ, ಚನ್ನಪಟ್ಟಣದ ಟ್ರಾಫಿಕ್ ದಾಟಿ ಹೋಗಲು ಮೂರು ಗಂಟೆ ಹಿಡಿಯುತ್ತಿತ್ತು. ಆಗ ರೈಲೇ ನೆಮ್ಮದಿ ಅನಿಸುತ್ತಿತ್ತು. 2023ರ ಮಾರ್ಚ್ 12ರಂದು ಹೆದ್ದಾರಿ ಉದ್ಘಾಟನೆಯಾಯಿತು. ಈಗ ಕಾರಿನಲ್ಲಿ ಮೈಸೂರಿನಿಂದ ಬೆಂಗಳೂರಿನ ಅಂಚಿಗೆ ಒಂದೂವರೆ ಗಂಟೆ ಸಾಕು. ರೈಲಿನಲ್ಲಿ ಇದೇ ದಾರಿ 138 ಕಿಲೋಮೀಟರ್. ವೇಗದ ರೈಲಿಗೂ ಎರಡು ಗಂಟೆಯ ಹತ್ತಿರ ಬೇಕು.

ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಒಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಮಡಿಕೇರಿಯಿಂದ ಬೆಂಗಳೂರಿನ ತನಕ ಒಂದೇ ಬಸ್ಸಿನಲ್ಲಿ, ದುಡ್ಡು ಕೊಡದೆ, ಸಾಮಾನು ಇಳಿಸಿ ಹತ್ತಿಸುವ ಕಷ್ಟವಿಲ್ಲದೆ ಹೋಗಬಹುದು ಅಂದಮೇಲೆ ನಡುವೆ ಮೈಸೂರಿನಲ್ಲಿ ಇಳಿದು ರೈಲು ಹಿಡಿಯುವವರು ಯಾರು?

ಆದರೆ ಇದು ಒಂದೇ ದಾರಿಯ ಕಥೆ. ಬೆಂಗಳೂರನ್ನು ದಾಟಿ ಹೋಗುವವರಿಗೆ ರೈಲಿನ ಬೆಲೆ ಕಡಿಮೆಯಾಗಿಲ್ಲ. ಕೇರಳದ ಕಡೆ ಹೋಗುವ ಅಂತರರಾಜ್ಯ ಪ್ರಯಾಣಕ್ಕೆ ಶಕ್ತಿ ಇಲ್ಲ. ಮೈಸೂರಿನಲ್ಲಿ ಓದುತ್ತಾ ಮಂಡ್ಯ, ಬೆಂಗಳೂರಿಗೆ ದಿನವೂ ಓಡಾಡುವ ಹುಡುಗರಿಗೆ ಸೀಸನ್ ಪಾಸ್‌ನಷ್ಟು ಅಗ್ಗದ್ದು ಇವತ್ತಿಗೂ ಬೇರೆ ಇಲ್ಲ. ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ ಅನ್ನುವುದನ್ನೂ ಮರೆಯಬಾರದು. ಕಾರಿಲ್ಲದವರಿಗೆ ಆ ಒಂದೂವರೆ ಗಂಟೆಯ ಲೆಕ್ಕದಿಂದ ಉಪಯೋಗವಿಲ್ಲ.

ಈ ದಾರಿಯಲ್ಲಿ ಜೋಡಿ ಹಳಿ ಪೂರ್ತಿಯಾಗಲು ಎಷ್ಟು ಕಾಲ ಹಿಡಿಯಿತು ಅಂತ ಹಳಬರಿಗೆ ಗೊತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದುಗುಂಡಿನ ಮನೆ ಅಡ್ಡ ಇತ್ತು. 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಪಕ್ಕಕ್ಕೆ ಸರಿಸಿದ ಮೇಲೆ ಕೆಲಸ ಮುಗಿಯಿತು.

ವಂದೇ ಭಾರತ್‌ನಿಂದ ಕೊಡಗಿನವರಿಗೆ ಉಪಯೋಗ ಇದೆಯಾ?

ಚೆನ್ನೈಗೆ ಹೋಗುವವರಿಗೆ ಇದೆ. ದಕ್ಷಿಣದ ಮೊದಲ ವಂದೇ ಭಾರತ್ 2022ರ ನವೆಂಬರ್ 11ರಂದು ಮೈಸೂರು–ಬೆಂಗಳೂರು–ಚೆನ್ನೈ ದಾರಿಯಲ್ಲೇ ಶುರುವಾಯಿತು. ಕಣ್ಣೂರಿನಿಂದ ತಿರುವನಂತಪುರದ ಕಡೆಗೂ ಇದೆ, ಮಂಗಳೂರಿನಿಂದ ಗೋವಾಕ್ಕೂ ಇದೆ. ಇವೆಲ್ಲ ಕೂತು ಹೋಗುವ ಹಗಲು ರೈಲುಗಳು. ದರ ಜಾಸ್ತಿ.

ತೋಟಕ್ಕೆ ಬರುವ ಕಾರ್ಮಿಕರ ಪ್ರಯಾಣ ಹೇಗೆ ನಡೆಯುತ್ತದೆ?

ಕೊಡಗಿನ ರೈಲು ಬೇಡಿಕೆಯಲ್ಲಿ ಹೆಚ್ಚು ಬದಲಾವಣೆ ತಂದವರು ಇವರೇ. ಮಾತಿನಲ್ಲಿ ಕಡಿಮೆ ಬರುವವರೂ ಇವರೇ.

ಮುಂಚೆ ತೋಟದ ಕೆಲಸಕ್ಕೆ ಜನ ಬರುತ್ತಿದ್ದದ್ದು ಹೆಚ್ಚಾಗಿ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ, ತಮಿಳುನಾಡಿನಿಂದ, ಕೇರಳದಿಂದ. ಬಸ್ಸೋ ಜೀಪೋ ಸಾಕಾಗುತ್ತಿತ್ತು. ಈಗ ಎಷ್ಟೋ ಲೈನ್‌ಮನೆಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್‌ನ ಕುಟುಂಬಗಳಿವೆ. ಅವರಿಗೆ ರೈಲು ಬಿಟ್ಟರೆ ದಾರಿಯಿಲ್ಲ. ಬೆಂಗಳೂರು–ಗುವಾಹಟಿ ಎಕ್ಸ್‌ಪ್ರೆಸ್‌ನಲ್ಲಿ ಎರಡು ದಿನಕ್ಕೂ ಜಾಸ್ತಿ ಪ್ರಯಾಣ. ಅದರ ಹಿಂದೆ ಮುಂದೆ ಬಸ್ಸು.

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ರೊಬಸ್ಟಾ ಮುಗಿಯುವಾಗ ಮಾರ್ಚ್ ಆಗುತ್ತದೆ. ಕೊಯ್ಲು ಮುಗಿದು ಕೈಗೆ ದುಡ್ಡು ಬರುವುದಕ್ಕೂ ಏಪ್ರಿಲ್ ಮಧ್ಯದ ಅಸ್ಸಾಮಿನ ಬಿಹು ಹಬ್ಬಕ್ಕೂ ಸರಿಹೋಗುತ್ತದೆ. ಆಗ ಎಲ್ಲರೂ ಒಟ್ಟಿಗೆ ಊರಿಗೆ ಹೊರಡುತ್ತಾರೆ. ಚುನಾವಣೆ ಬಂದರೆ ಇನ್ನಷ್ಟು ರಶ್. ತಿಂಗಳುಗಳ ಮೊದಲೇ ಬರ್ತ್ ಹಿಡಿದಿಡುವ ಅನುಕೂಲ ಇವರಿಗಿಲ್ಲ. ಕೆಲಸ ಯಾವತ್ತು ಮುಗಿಯುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಮಕ್ಕಳನ್ನು ಕಟ್ಟಿಕೊಂಡು ಜನರಲ್ ಬೋಗಿ ಹತ್ತುತ್ತಾರೆ.

2023ರ ಡಿಸೆಂಬರ್ 30ರಂದು ಶುರುವಾದ ಅಮೃತ್ ಭಾರತ್ ರೈಲುಗಳಲ್ಲಿ ಒಂದು ಬಂಗಾಳದ ಮಾಲ್ಡಾದಿಂದ ಬೆಂಗಳೂರಿಗೆ ಬರುತ್ತದೆ. ಅದರಲ್ಲಿ ಎಸಿ ಇಲ್ಲ, ಪೂರ್ತಿ ಸ್ಲೀಪರ್ ಮತ್ತು ಜನರಲ್. ಇಂಥ ರೈಲು ಇನ್ನಷ್ಟು ಬೇಕು. ದುಡಿಯುವವರ ಬೇಡಿಕೆಗೆ ನೇರವಾಗಿ ಸಿಕ್ಕ ಉತ್ತರ ಇದು.

ತೋಟದ ಮಾಲೀಕರಲ್ಲಿ ಒಂದು ಮನವಿ. ಪೂರ್ವದ ಕಡೆಯ ಹಲವು ರೈಲುಗಳು ಈಗ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಬರುತ್ತವೆ. 2022ರ ಜೂನ್‌ನಲ್ಲಿ ಶುರುವಾದ ಸ್ಟೇಷನ್ ಅದು. ಕೊಡಗಿನ ಬಸ್‌ಗಳು ಹೊರಡುವುದು ಊರಿನ ಇನ್ನೊಂದು ತುದಿಯ ಮೈಸೂರು ರಸ್ತೆ ಸ್ಯಾಟಲೈಟ್ ನಿಲ್ದಾಣದಿಂದ. ಭಾಷೆ ಬಾರದವರಿಗೆ ಈ ಒಂದು ದಾರಿ ತಪ್ಪಿದರೆ ಅರ್ಧ ದಿನ ಹೋಗುತ್ತದೆ, ಆಟೋಗೆ ಕೂಲಿ ದುಡ್ಡೇ ಖಾಲಿಯಾಗುತ್ತದೆ. ಬೈಯಪ್ಪನಹಳ್ಳಿಯಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿದು ಮೈಸೂರು ರಸ್ತೆ ಕಡೆ ಬನ್ನಿ ಅಂತ ಮೊದಲೇ ಫೋನಿನಲ್ಲಿ ಹೇಳಿಬಿಡಿ.

ಅಪ್ಪ ಅಮ್ಮನಿಗೆ ಹಿರಿಯರ ರಿಯಾಯಿತಿ ಸಿಗುತ್ತದಾ?

ಇಲ್ಲ. 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು ಮತ್ತೆ ಕೊಟ್ಟಿಲ್ಲ. ಮುಂಚೆ 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50 ಕಡಿತ ಇತ್ತು. ಮಕ್ಕಳೆಲ್ಲ ಹೊರಗೆ, ಮನೆಯಲ್ಲಿ ವಯಸ್ಸಾದವರಿಬ್ಬರೇ ಅನ್ನುವ ಸ್ಥಿತಿ ಕೊಡಗಿನ ಎಷ್ಟೋ ಮನೆಗಳಲ್ಲಿದೆ. ಅವರು ವರ್ಷಕ್ಕೆರಡು ಸಲ ಹೋಗುತ್ತಿದ್ದ ಕಡೆ ಒಂದೇ ಸಲ ಹೋಗುತ್ತಾರೆ ಅಂದರೆ ಅದೂ ಬೇಡಿಕೆಯ ಬದಲಾವಣೆಯೇ. ರಿಯಾಯಿತಿ ಮತ್ತೆ ಬರಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಕೆಳಗಿನ ಬರ್ತ್‌ನ ಕೋಟಾ ಮಾತ್ರ ಉಳಿದಿದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಅದು ಸಿಗಬಹುದು. ಟಿಕೆಟ್ ಮಾಡುವಾಗ ವಯಸ್ಸು ಸರಿಯಾಗಿ ಹಾಕಿ. ಇಡೀ ಕುಟುಂಬದ ಟಿಕೆಟ್ ಒಟ್ಟಿಗೆ ಮಾಡಿದರೆ ಈ ಕೋಟಾ ಸಿಗುವುದಿಲ್ಲ. ಹಿರಿಯರಿಬ್ಬರದು ಬೇರೆಯೇ ಮಾಡಿಸಿ.

ಯಾವ ಕಾಲದಲ್ಲಿ ರಶ್ ಜಾಸ್ತಿ?

ದಸರಾ, ದೀಪಾವಳಿ ಎಲ್ಲರಿಗೂ ಗೊತ್ತು. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬರುವವರು ಮೈಸೂರಿನ ದಸರಾ ರಶ್ ಜೊತೆ ಸೇರಿಕೊಳ್ಳುತ್ತಾರೆ. ನವೆಂಬರ್ ಮಧ್ಯದಿಂದ ಜನವರಿ ಮಧ್ಯದ ತನಕ ಶಬರಿಮಲೆ ಯಾತ್ರೆ. ಆಗ ಕೇರಳದ ದಾರಿಯಲ್ಲಿ ಬರ್ತ್ ಕಷ್ಟ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಊರಿಗೆ ಬರುವ ಯೋಧರೂ ಅದೇ ಹೊತ್ತಿನಲ್ಲಿ ಪ್ರಯಾಣ ಮಾಡುತ್ತಾರೆ. ಏಪ್ರಿಲ್, ಮೇನಲ್ಲಿ ಮದುವೆ, ಶಾಲೆ ರಜೆ, ಕಾರ್ಮಿಕರ ವಾಪಸಾತಿ ಮೂರೂ ಒಟ್ಟಿಗೆ ಬರುತ್ತವೆ. ನನ್ನ ಪ್ರಕಾರ ಕೊಡಗಿನವರಿಗೆ ಅತಿ ಕಷ್ಟದ ಕಾಲ ಅದೇ.

ಎಷ್ಟು ದಿನ ಮೊದಲೇ ಟಿಕೆಟ್ ಮಾಡಬಹುದು?

60 ದಿನ. ಮುಂಚೆ 120 ಇತ್ತು, 2024ರ ನವೆಂಬರ್ 1ರಿಂದ ಇಳಿಸಿದರು. ತತ್ಕಾಲ್ ಹಿಂದಿನ ದಿನ ಶುರುವಾಗುತ್ತದೆ: ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆ ಬೇಕೇ ಬೇಕು. ನೆಟ್‌ವರ್ಕ್ ಸಿಗದ ತೋಟದೊಳಗೆ ಕೂತು ತತ್ಕಾಲ್‌ಗೆ ಪ್ರಯತ್ನಿಸಬೇಡಿ. ಪೇಟೆಗೆ ಬಂದು ಮಾಡಿ.

ವೇಟಿಂಗ್ ಟಿಕೆಟ್ ನಂಬಿ ಮನೆಯಿಂದ ಹೊರಡಬಹುದಾ?

ಬೇಡ. ವೇಟಿಂಗ್ ಟಿಕೆಟ್ ಇಟ್ಟುಕೊಂಡು ಸ್ಲೀಪರ್ ಅಥವಾ ಎಸಿ ಬೋಗಿ ಹತ್ತುವಂತಿಲ್ಲ. ಆನ್‌ಲೈನ್ ವೇಟಿಂಗ್ ಟಿಕೆಟ್ ಆದರೆ ಚಾರ್ಟ್ (ಯಾರಿಗೆ ಯಾವ ಬರ್ತ್ ಅನ್ನುವ ಪಟ್ಟಿ) ಆದ ಮೇಲೆ ತಾನಾಗಿ ರದ್ದಾಗಿ ದುಡ್ಡು ವಾಪಸ್ ಬರುತ್ತದೆ. ಆರ್‌ಎಸಿ (ಬೇರೆಯವರು ರದ್ದು ಮಾಡಿದರೆ ಬರ್ತ್ ಸಿಗುವ ಟಿಕೆಟ್) ಬಂದಿದ್ದರೆ ಧೈರ್ಯವಾಗಿ ಹೊರಡಿ, ಕೂರಲು ಜಾಗ ಖಚಿತ.

ಸ್ಟೇಷನ್ ಪಕ್ಕದ ಮನೆಯವರು ಚಾರ್ಟ್ ನೋಡಿ ಹೊರಡಬಹುದು. ನಮಗೆ ಮೂರು ಗಂಟೆಯ ಬಸ್ ಪ್ರಯಾಣ ಇದೆ. ಈಗ ಮೊದಲ ಚಾರ್ಟ್ ಮುಂಚಿಗಿಂತ ಬೇಗ ತಯಾರಾಗುತ್ತದೆ. ದೂರದ ಊರಿನವರಿಗೆ ಇದರಿಂದ ನಿಜವಾಗಿ ಅನುಕೂಲವಾಗಿದೆ.

ಮಳೆಗಾಲದಲ್ಲಿ ಏನು ಗಮನಿಸಬೇಕು?

ಹಳಿಗಿಂತ ಮೊದಲು ರಸ್ತೆ ನೋಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಏನಾಯಿತು ಅಂತ ಇಲ್ಲಿ ಯಾರೂ ಮರೆತಿಲ್ಲ. ಮಾಕುಟ್ಟದಲ್ಲೂ ಮರ ಬೀಳುವುದು, ಮಣ್ಣು ಜರಿಯುವುದು ಇದೆ. ಹಾಸನ–ಮಂಗಳೂರು ರೈಲು ದಾರಿಯೂ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ ಸುಮಾರು 55 ಕಿಲೋಮೀಟರ್ ಘಾಟ್‌ನಲ್ಲಿ ಇಳಿಯುತ್ತದೆ. 2024ರ ಜುಲೈ ಕೊನೆಗೆ ಎಡಕುಮೇರಿ ಹತ್ತಿರ ಮಣ್ಣು ಕುಸಿದು ಆ ದಾರಿ ಮುಚ್ಚಿತ್ತು. ಕೊಂಕಣ ದಾರಿಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇದೆ, ಹಳೆಯ ಸಮಯ ನಂಬಿ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ದೂರದ ಪ್ರಯಾಣಕ್ಕೆ ಸಾಧ್ಯವಾದರೆ ಮೈಸೂರನ್ನೇ ಆರಿಸಿ.

ಪ್ರವಾಸಿಗರು ರೈಲಿನಲ್ಲಿ ಬರುತ್ತಾರಾ?

ಬೆಂಗಳೂರಿನವರು ಬಹುಪಾಲು ಕಾರಿನಲ್ಲೇ ಬರುತ್ತಾರೆ. ವಾರಾಂತ್ಯದಲ್ಲಿ ಮಡಿಕೇರಿಯ ರಾಜಾಸೀಟು ರಸ್ತೆಯಲ್ಲಿ ನಿಂತರೆ ಸಾಕು, ಗೊತ್ತಾಗುತ್ತದೆ. ಸುಖಕ್ಕಾಗಿ ರೈಲು ಹತ್ತುವ ಬೇಡಿಕೆ ಬೇರೆ ಕಡೆ ಬೆಳೆದಿದೆ. 2021ರ ಜುಲೈಯಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಜೋಡಿಸಿದಾಗ ಘಾಟ್ ನೋಡಲೆಂದೇ ಜನ ಹೊರಟರು. ವಿದ್ಯುತ್ ಮಾರ್ಗದ ಕೆಲಸಕ್ಕಾಗಿ 2025ರಲ್ಲಿ ಆ ದಾರಿಯ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಹೋಂಸ್ಟೇ ನಡೆಸುವವರು ಮೈಸೂರು ಸ್ಟೇಷನ್‌ನಿಂದ ಅತಿಥಿಗಳನ್ನು ಒಟ್ಟಾಗಿ ಕರೆತರುವ ವ್ಯವಸ್ಥೆ ಮಾಡಿದರೆ ನಮ್ಮ ರಸ್ತೆಗಳಿಗೂ ಸ್ವಲ್ಪ ಉಸಿರಾಡಲು ಸಿಗುತ್ತದೆ.

ಕುಶಾಲನಗರಕ್ಕೆ ರೈಲು ಬರುತ್ತದಾ?

ಮೈಸೂರು ಹತ್ತಿರದ ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ 87 ಕಿಲೋಮೀಟರ್ ಮಾರ್ಗದ ಯೋಜನೆ ಇದೆ. 2019ರಲ್ಲಿ ಇದಕ್ಕೆ ಸುಮಾರು 1,854 ಕೋಟಿ ರೂಪಾಯಿ ಅಂದಾಜು ಮಾಡಿದ್ದರು. ಯೋಜನೆ ಬಂದಾಗಲೆಲ್ಲ ಮುಂದೆ ಬರುವ ಪ್ರಶ್ನೆ ಒಂದೇ: ಪ್ರಯಾಣಿಕರು ಎಷ್ಟು ಸಿಗುತ್ತಾರೆ, ಹಾಕಿದ ದುಡ್ಡು ಮರಳುತ್ತದಾ? ಕೊಡಗಿನ ಬೇಡಿಕೆ ಬೇರೆಯವರ ಲೆಕ್ಕದಲ್ಲಿ ಕರಗಿಹೋದರೆ ಆಗುವ ನಷ್ಟ ಇಲ್ಲಿ ಕಾಣುತ್ತದೆ. ಇಲ್ಲದ ಸ್ಟೇಷನ್‌ನಲ್ಲಿ ಟಿಕೆಟ್ ಮಾರಾಟವಾಗುವುದಿಲ್ಲ. ಹಾಗಂತ ಜನ ಇಲ್ಲ ಅಂತಲ್ಲ.

ಈ ಮಾರ್ಗ ಬಹುಪಾಲು ಬಯಲಿನಲ್ಲಿ ಸಾಗಿ ಕೊಡಗಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಕಾಡಿಗೆ ಪೆಟ್ಟು ಕಡಿಮೆ, ಜಿಲ್ಲೆಗೆ ಅನುಕೂಲ ಜಾಸ್ತಿ. ಹಾಗಾಗಿ ಇದು ಆಗಬೇಕು ಅನ್ನುವವರ ಪೈಕಿ ನಾನೂ ಒಬ್ಬ.

ಮೈಸೂರು–ತಲಶ್ಶೇರಿ ಮಾರ್ಗದ ಬಗ್ಗೆ?

ಅದು ಬೇರೆಯೇ ವಿಷಯ. ಕೇರಳದ ಕಡೆಯಿಂದ ಬಹಳ ಕಾಲದಿಂದ ಕೇಳಿಬರುತ್ತಿರುವ ಬೇಡಿಕೆ. ಕೊಡಗಿನಲ್ಲಿ ಇದರ ವಿರುದ್ಧ ಹೋರಾಟಗಳು ನಡೆದಿವೆ. ದಕ್ಷಿಣ ಕೊಡಗು, ನಾಗರಹೊಳೆ, ವಯನಾಡು ಸುತ್ತಲಿನ ಕಾಡು ಆನೆಗಳು ಓಡಾಡುವ ಜಾಗ. ಈಗಲೇ ಆನೆ–ಮನುಷ್ಯರ ಸಂಘರ್ಷದಲ್ಲಿ ತೋಟದ ಜನ ನಲುಗಿದ್ದಾರೆ. ಪ್ರಯಾಣಿಕರ ಬೇಡಿಕೆ ಎಷ್ಟೇ ಇರಲಿ, ಈ ಕಾಡನ್ನು ಸೀಳಿ ಹಳಿ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಬೇಡಿಕೆಯನ್ನು ಯಾರಿಗೆ ಹೇಳುವುದು?

ಮೈಸೂರು, ಹಾಸನ, ಸಕಲೇಶಪುರದ ವಿಷಯಕ್ಕೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಕಣ್ಣೂರು, ತಲಶ್ಶೇರಿ, ಮಂಗಳೂರು ಸೆಂಟ್ರಲ್ ವಿಷಯಕ್ಕೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಎರಡೂ ಕಡೆ ಪ್ರಯಾಣಿಕರ ಸಲಹಾ ಸಮಿತಿಗಳಿವೆ. ಸಂಸದರ ಮೂಲಕವೂ ಮನವಿ ಕೊಡಬಹುದು. ಪ್ರಯಾಣದ ನಡುವೆ ತೊಂದರೆಯಾದರೆ 139ಕ್ಕೆ ಫೋನ್ ಮಾಡಿ.

ಮನವಿ ಬರೆಯುವಾಗ "ನಮಗೆ ರೈಲು ಬೇಕು" ಅಂತಷ್ಟೇ ಬರೆದರೆ ಸಾಲದು. ನಿಮ್ಮ ಊರಿನವರು ಯಾವ ಸ್ಟೇಷನ್‌ನಲ್ಲಿ, ಯಾವ ರೈಲಿಗೆ, ಯಾವ ತಿಂಗಳಲ್ಲಿ ಹತ್ತುತ್ತಾರೆ ಅಂತ ಬರೆಯಿರಿ. ಸಹಕಾರ ಸಂಘ, ಮಾಜಿ ಸೈನಿಕರ ಸಂಘ, ಕಾಲೇಜು, ಬೆಳೆಗಾರರ ಸಂಘ ತಮ್ಮ ತಮ್ಮ ಕಡೆಯ ಲೆಕ್ಕ ಸೇರಿಸಿದರೆ ಅದಕ್ಕೆ ತೂಕ ಬರುತ್ತದೆ. ಅದರ ಒಂದು ಪ್ರತಿಯನ್ನು ಮಡಿಕೇರಿಯ ಕೆಎಸ್‌ಆರ್‌ಟಿಸಿ ಡಿಪೋಗೂ ಕೊಡಿ. ರಾತ್ರಿ ಮೈಸೂರು ಬಿಡುವ ರೈಲುಗಳಿಗೆ ಹೊಂದುವಂತೆ ಸಂಜೆ ಒಂದು ಬಸ್, ಬೆಳಿಗ್ಗೆ ಬಂದಿಳಿಯುವವರಿಗೆ ಸ್ಟೇಷನ್ ಹತ್ತಿರದಿಂದಲೇ ಹೊರಡುವ ಒಂದು ಬಸ್ ಕೇಳಿ. ಹಳಿ ಬರಲು ವರ್ಷಗಳು ಬೇಕು. ಬಸ್ಸಿನ ಸಮಯ ಬದಲಿಸಲು ಒಂದು ಆದೇಶ ಸಾಕು.